ಸಮೀಕರಣ ಬಿಡಿಸಲು ಬರುತ್ತದೆ, ಬರೆಯಲು ಬರುವುದಿಲ್ಲ: ಏನು ಮಾಡಲಿ?

ಪ್ರಶ್ನೆ (ಒಬ್ಬ ತಾಯಿ): ನಮಸ್ಕಾರ ಮೇಡಂ. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. 3ಸ + 5 = 20 ಎಂದು ಬರೆದುಕೊಟ್ಟರೆ ತಕ್ಷಣ ಸ = 5 ಎನ್ನುತ್ತಾಳೆ. ಅದೇ ಲೆಕ್ಕ ವಾಕ್ಯಗಳಲ್ಲಿ ಬಂದರೆ ಉತ್ತರದ ಜಾಗ ಖಾಲಿ ಉಳಿಯುತ್ತದೆ. ‘ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ, ಪಟ್ಟು ಎಂದರೆ ಗುಣಿಸು’ ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇನೆ. ಆದರೂ ತಪ್ಪುತ್ತಾಳೆ. ಇನ್ನೂ ಉದ್ದದ ಪಟ್ಟಿ ಬೇಕೇ?

ಉತ್ತರ (ಗಣಿತ ಶಿಕ್ಷಕಿ): ನಮಸ್ಕಾರ. ದಯವಿಟ್ಟು ಮೊದಲು ಆ ಪಟ್ಟಿಯನ್ನು ಗೋಡೆಯಿಂದ ತೆಗೆಯಿರಿ. ಮಗಳು ತಪ್ಪುತ್ತಿರುವುದು ಪಟ್ಟಿ ಚಿಕ್ಕದಾದ್ದರಿಂದ ಅಲ್ಲ, ಪಟ್ಟಿಯನ್ನು ನಂಬಿದ್ದರಿಂದ. ಈ ಲೆಕ್ಕ ನೋಡಿ: ‘ಅಣ್ಣನಿಗೆ 14 ವರ್ಷ. ಅವನ ವಯಸ್ಸು ತಂಗಿಯ ವಯಸ್ಸಿಗಿಂತ 5 ಹೆಚ್ಚು. ತಂಗಿಗೆ ಎಷ್ಟು ವರ್ಷ?’ ಪಟ್ಟಿಯ ಪ್ರಕಾರ ‘ಹೆಚ್ಚು’ ಎಂದರೆ ಕೂಡಬೇಕು. ಮಗು 19 ಎಂದು ಬರೆಯುತ್ತದೆ, ತಂಗಿ ಅಣ್ಣನಿಗಿಂತ ದೊಡ್ಡವಳಾಗುತ್ತಾಳೆ. ಪದವನ್ನು ಹಿಡಿದವರಿಗೆ ಸಂಗತಿ ಕಾಣುವುದಿಲ್ಲ.

ಕನ್ನಡದಲ್ಲಿ ಅರ್ಥ ನಿಂತಿರುವುದು ವಿಭಕ್ತಿ ಪ್ರತ್ಯಯದ ಮೇಲೆ. ‘ಸಂಖ್ಯೆಯಿಂದ 20ನ್ನು ಕಳೆ’, ‘20ನ್ನು ಸಂಖ್ಯೆಯಿಂದ ಕಳೆ’ ಎರಡೂ ಒಂದೇ: ಸ − 20. ಆದರೆ ‘ಸಂಖ್ಯೆಯನ್ನು 20ರಿಂದ ಕಳೆ’ ಎಂದರೆ 20 − ಸ. ಮಕ್ಕಳು ಮೊದಲು ಕಂಡದ್ದನ್ನು ಮೊದಲು ಬರೆದುಬಿಡುತ್ತಾರೆ. ‘ಇಂದ’ ಎಲ್ಲಿದೆ, ‘ಅನ್ನು’ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ನನ್ನ ತರಗತಿಗಳಲ್ಲಿ ಅರ್ಧಕ್ಕರ್ಧ ತಪ್ಪುಗಳು ವ್ಯಾಕರಣದ ಈ ಒಂದು ಗಮನದಿಂದಲೇ ಕರಗಿವೆ.

ಉಳಿದ ಅರ್ಧಕ್ಕೆ ಕೈಗೆ ವಸ್ತು ಬೇಕು. ಒಂದರೊಳಗೊಂದು ಕೂರುವ ಕಾಗದದ ಲೋಟಗಳನ್ನು ತೆಗೆದುಕೊಳ್ಳಿ. ಒಂದು ಲೋಟದ ಎತ್ತರ 10 ಸೆಂಟಿಮೀಟರ್ ಎನ್ನೋಣ. ಎರಡು ಜೋಡಿಸಿದರೆ 11.5, ಮೂರಕ್ಕೆ 13, ನಾಲ್ಕಕ್ಕೆ 14.5. ಅವಳೇ ಅಳೆದು ಕೋಷ್ಟಕ ಮಾಡಲಿ. ಆಗ ಎರಡೇ ಪ್ರಶ್ನೆ ಕೇಳಿ: ಪ್ರತಿ ಸಲ ಎಷ್ಟು ಬದಲಾಗುತ್ತಿದೆ? ಬದಲಾಗದೆ ಉಳಿದದ್ದು ಯಾವುದು? ಅಕ್ಷರ ಇನ್ನೂ ಬೇಡ. ‘ನೂರು ಲೋಟಕ್ಕೆ ಎಷ್ಟಾದೀತು’ ಎಂದು ಕೇಳಿದಾಗ ಒಂದೊಂದಾಗಿ ಕೂಡಲು ಬೇಸರವಾಗಿ ಅವಳೇ ಒಂದು ಸೂತ್ರ ಹುಡುಕುತ್ತಾಳೆ. ಸಮೀಕರಣ ಹುಟ್ಟುವುದು ಅಲ್ಲಿ.

ಪ್ರಶ್ನೆ (ಒಬ್ಬ ಶಿಕ್ಷಕ): ಮೇಡಂ, ಲೋಟದ ಚಟುವಟಿಕೆಯನ್ನು ನಾನೂ ಮಾಡಿಸಿದ್ದೇನೆ. ಬಹುತೇಕ ಮಕ್ಕಳು ‘ಎತ್ತರ = 10 + 1.5 × ಲೋಟಗಳ ಸಂಖ್ಯೆ’ ಎಂದು ಬರೆಯುತ್ತಾರೆ. ತಪ್ಪು ಎಂದು ಹೇಳಿ ತಿದ್ದಿದರೆ ಮುಂದಿನ ವಾರ ಮತ್ತೆ ಅದೇ.

ಉತ್ತರ: ಸರ್, ತಿದ್ದಬೇಡಿ, ತಾಳೆ ನೋಡಲು ಹೇಳಿ. ಅವರ ಸಮೀಕರಣಕ್ಕೆ ಒಂದು ಲೋಟ ಹಾಕಿದರೆ 11.5 ಬರುತ್ತದೆ. ಅಳತೆಪಟ್ಟಿ 10 ಎನ್ನುತ್ತಿದೆ. ಆ ಜಗಳವನ್ನು ಮಕ್ಕಳೇ ಬಗೆಹರಿಸಲಿ. ಕೊನೆಗೆ ಅವರು ತಲುಪುವುದು ‘ಎತ್ತರ = 8.5 + 1.5 × ಲೋಟಗಳ ಸಂಖ್ಯೆ’ ಎಂಬಲ್ಲಿಗೆ.

ಇಲ್ಲಿ ನಿಲ್ಲಿಸದೆ ಇನ್ನೊಂದು ಪ್ರಶ್ನೆ ಕೇಳಿ: ಆ 8.5 ಲೋಟದಲ್ಲಿ ಎಲ್ಲಿದೆ? ನನಗೆ ಈ ಪಾಠದಲ್ಲಿ ಬಹಳ ಇಷ್ಟವಾದ ಗಳಿಗೆ ಇದು. ಯಾರೋ ಒಬ್ಬರು ಎದ್ದುಬಂದು ಲೋಟ ಹಿಡಿದು ತೋರಿಸುತ್ತಾರೆ: ಒಂದರ ಮೇಲೊಂದು ಕೂತಾಗ ಹೊರಗೆ ಕಾಣುವ ಅಂಚು 1.5 ಸೆಂಟಿಮೀಟರ್, ಅದು ಪ್ರತಿ ಲೋಟಕ್ಕೂ ಬರುತ್ತದೆ. ಅಂಚಿನ ಕೆಳಗಿನ ಒಡಲು 8.5, ಅದು ಅತ್ಯಂತ ಕೆಳಗಿನ ಲೋಟಕ್ಕೆ ಮಾತ್ರ ಕಾಣುತ್ತದೆ. ಸ್ಥಿರಾಂಕವನ್ನು ಬೆರಳಿಂದ ಮುಟ್ಟಿದ ಮಗು ಅದನ್ನು ಮರೆಯುವುದಿಲ್ಲ. ಆಮೇಲೆ 40 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಎಷ್ಟು ಲೋಟ ನಿಲ್ಲುತ್ತವೆ ಎಂದು ಕೇಳಿದರೆ, 31.5ನ್ನು 1.5ರಿಂದ ಭಾಗಿಸಿ 21 ಎಂದು ಅವರೇ ಹೇಳುತ್ತಾರೆ.

ಪ್ರಶ್ನೆ (ಅದೇ ಶಿಕ್ಷಕ): ಅಕ್ಷರ ಬಳಸುವಾಗ ಹೆಸರಿನ ಮೊದಲಕ್ಷರವನ್ನೇ ಇಡಿಸುತ್ತೇನೆ, ಲೋಟಕ್ಕೆ ‘ಲೋ’ ಎಂಬಂತೆ. ಸರಿಯೇ?

ಉತ್ತರ: ಅಪಾಯವಿದೆ ಸರ್. ಮಕ್ಕಳು ‘ಲೋ’ ಎಂಬುದನ್ನು ಲೋಟವೆಂದೇ ಓದುತ್ತಾರೆ, ಲೋಟಗಳ ಸಂಖ್ಯೆ ಎಂದಲ್ಲ. ‘ವಿದ್ಯಾರ್ಥಿಗಳ ಸಂಖ್ಯೆ ಶಿಕ್ಷಕರ ಸಂಖ್ಯೆಯ ಆರು ಪಟ್ಟು’ ಎಂಬುದನ್ನು ಬರೆಯಲು ಹೇಳಿ ನೋಡಿ. ಅನೇಕರು 6ವಿ = ಶಿ ಎಂದು ಬರೆಯುತ್ತಾರೆ, ‘ಆರು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕ’ ಎಂದು ಮನಸ್ಸಿನಲ್ಲಿ ಓದಿಕೊಂಡು. ಸರಿಯಾದದ್ದು ವಿ = 6ಶಿ. ಇದು ಚಿಕ್ಕ ಮಕ್ಕಳ ತಪ್ಪು ಮಾತ್ರ ಎಂದುಕೊಳ್ಳಬೇಡಿ. 1980ರ ಸುಮಾರಿಗೆ ಅಮೆರಿಕದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇದೇ ಪ್ರಶ್ನೆ ಕೊಟ್ಟಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ತಪ್ಪಿದ್ದರು.

12ನೆಯ ಶತಮಾನದ ಎರಡನೆಯ ಭಾಸ್ಕರಾಚಾರ್ಯರು ಮೊದಲ ಅವ್ಯಕ್ತವನ್ನು (ಬೆಲೆ ತಿಳಿಯದ ಸಂಖ್ಯೆಯನ್ನು) ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’, ಎಂದು ಕರೆದರು. ಮುಂದಿನ ಅವ್ಯಕ್ತಗಳಿಗೆ ಕಾಲಕ, ನೀಲಕ, ಪೀತಕ ಎಂಬ ಬಣ್ಣಗಳ ಹೆಸರು. ಬಣ್ಣಕ್ಕೂ ಲೆಕ್ಕದ ವಸ್ತುವಿಗೂ ನಂಟಿಲ್ಲದ್ದರಿಂದ ಗೊಂದಲಕ್ಕೆ ಎಡೆಯೇ ಇಲ್ಲ. ಎಷ್ಟು ಸೊಗಸಾದ ಉಪಾಯ! ನಾನು ಮೊದಲ ಕೆಲವು ವಾರ ‘ಲೋಟಗಳ ಸಂಖ್ಯೆ’ ಎಂದು ಪೂರ್ತಿಯಾಗಿಯೇ ಬರೆಸುತ್ತೇನೆ. ಕೈ ನೋಯುತ್ತದೆ ಎಂದು ಮಕ್ಕಳು ದೂರಿದ ದಿನ ಅಕ್ಷರಕ್ಕೆ ಹೋಗುತ್ತೇನೆ.

ಪ್ರಶ್ನೆ (ಎಂಟನೆಯ ತರಗತಿಯ ವಿದ್ಯಾರ್ಥಿ): ಮೇಡಂ, ನಮ್ಮ ಅಭ್ಯಾಸದಲ್ಲಿ 24 ಸೆಂಟಿಮೀಟರ್ ಮೇಣದ ಬತ್ತಿ ಗಂಟೆಗೆ 2 ಸೆಂಟಿಮೀಟರ್ ಉರಿಯುತ್ತದೆ. ಎತ್ತರ = 24 − 2 × ಗಂಟೆ ಎಂದು ಬರೆದೆ. 15 ಗಂಟೆ ಹಾಕಿದರೆ −6 ಬಂತು. ಸಮೀಕರಣ ತಪ್ಪೇ?

ಉತ್ತರ: ಸಮೀಕರಣ ಸರಿಯಾಗಿದೆ ಮಗು, ಮತ್ತು 15 ಹಾಕಿ ನೋಡಬೇಕೆಂದು ನಿನಗೆ ತೋಚಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. 12 ಗಂಟೆಗೆ ಬತ್ತಿ ಮುಗಿದುಹೋಯಿತು. ಅಲ್ಲಿಂದಾಚೆ ಸಮೀಕರಣಕ್ಕೆ ವಿವರಿಸಲು ಬತ್ತಿಯೇ ಇಲ್ಲ. ಆದ್ದರಿಂದ ಪಕ್ಕದಲ್ಲಿ ‘0ಯಿಂದ 12 ಗಂಟೆಯವರೆಗೆ ಮಾತ್ರ’ ಎಂದು ಬರೆ. ಲೋಟದ ಸಮೀಕರಣಕ್ಕೂ ಇದು ಬೇಕು: ಲೋಟವೇ ಇಲ್ಲದಾಗ ಅದು 8.5 ಎನ್ನುತ್ತದೆ, ಆದರೆ ಮೇಜಿನ ಮೇಲೆ ಏನೂ ಇರುವುದಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿ): ಹಾಗಾದರೆ ಎಲ್ಲ ಬದಲಾವಣೆಗೂ ಇಂಥ ಸಮೀಕರಣ ಬರೆಯಬಹುದೇ?

ಉತ್ತರ: ಇಲ್ಲ. ಕೋಷ್ಟಕದಲ್ಲಿ ಸಮ ಅಂತರದ ಹೆಜ್ಜೆಗಳಿಗೆ ಏರಿಕೆಯೂ (ಅಥವಾ ಇಳಿಕೆಯೂ) ಸಮನಾಗಿದ್ದರೆ ಮಾತ್ರ ಅದು ರೇಖಾತ್ಮಕ, ಅಂದರೆ ನಕ್ಷೆಯಲ್ಲಿ ನೇರ ಗೆರೆ. ಮೇಲಿಂದ ಬಿಟ್ಟ ಕಲ್ಲು, ಗಾಳಿಯ ತಡೆಯನ್ನು ಬದಿಗಿಟ್ಟರೆ, 1 ಸೆಕೆಂಡಿನಲ್ಲಿ 4.9 ಮೀಟರ್, 2 ಸೆಕೆಂಡಿನಲ್ಲಿ 19.6, 3 ಸೆಕೆಂಡಿನಲ್ಲಿ 44.1 ಮೀಟರ್ ಬಿದ್ದಿರುತ್ತದೆ. ಏರಿಕೆಗಳು 4.9, 14.7, 24.5. ಸಮನಿಲ್ಲ, ಆದ್ದರಿಂದ ನಕ್ಷೆಯಲ್ಲಿ ಗೆರೆ ಬಾಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳಾದರೆ ರೇಖಾತ್ಮಕವೇ: ಸುಮಾರು 3 ಸೆಕೆಂಡಿಗೆ 1 ಕಿಲೋಮೀಟರ್ ದೂರ. ಉಷ್ಣಮಾಪಕವೂ ಅಷ್ಟೇ. ಸೆಲ್ಸಿಯಸ್ 0 ಎಂದರೆ ಫ್ಯಾರನ್‌ಹೀಟ್ 32, ಸೆಲ್ಸಿಯಸ್ 100 ಎಂದರೆ 212. ಈ ಎರಡೇ ಸಂಗತಿಗಳಿಂದ ನೀನೇ ಸಮೀಕರಣ ಬರೆ. ಎರಡೂ ಮಾಪಕಗಳು ಒಂದೇ ಅಂಕಿ ತೋರಿಸುವ ಜಾಗ ಒಂದಿದೆ. ಅದನ್ನೂ ಹುಡುಕು, ಸೊನ್ನೆಗಿಂತ ಕೆಳಗೆ ನೋಡು.

ಪ್ರಶ್ನೆ (ಮೊದಲು ಕೇಳಿದ ತಾಯಿ): ಮೇಡಂ, ಪಟ್ಟಿ ತೆಗೆದೆ. ಲೋಟ ಜೋಡಿಸಿ 8.5ನ್ನು ಅವಳೇ ಕಂಡುಕೊಂಡಳು. ಈಗ ಅವಳದೇ ಪ್ರಶ್ನೆ: ಇನ್ನೊಂದು ಬಗೆಯ ಗಿಡ್ಡ ಲೋಟ ಒಂದಕ್ಕೆ 6 ಸೆಂಟಿಮೀಟರ್, ಎರಡಕ್ಕೆ 8, ಮೂರಕ್ಕೆ 10. ಗಿಡ್ಡ ಲೋಟದ ಸಾಲು ಉದ್ದ ಲೋಟದ ಸಾಲನ್ನು ಯಾವಾಗ ಮುಟ್ಟುತ್ತದೆ? ನನಗೆ ಹೇಳಲು ಬರಲಿಲ್ಲ.

ಉತ್ತರ: ಹೇಳದಿದ್ದದ್ದು ಒಳ್ಳೆಯದೇ ಆಯಿತು! ಎರಡೂ ಬದಿಯಲ್ಲಿ ಅವ್ಯಕ್ತವಿರುವ ಸಮೀಕರಣವನ್ನು ಯಾರೂ ಕಲಿಸದೆ ಅವಳೇ ಕೇಳುತ್ತಿದ್ದಾಳೆ. ಗಿಡ್ಡ ಲೋಟಕ್ಕೂ ಬೇರೆ ಸಮೀಕರಣ ಬರೆದು, 8.5 + 1.5ಸ = 4 + 2ಸ ಎಂದು ಎರಡನ್ನೂ ಎದುರುಬದುರು ಇಡಲಿ. 9 ಎಂದು ಬಂದ ಮೇಲೆ ಎರಡೂ ಬಗೆಯ ಒಂಬತ್ತೊಂಬತ್ತು ಲೋಟಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಳೆಯಲು ಹೇಳಿ. ಎರಡೂ 22 ಸೆಂಟಿಮೀಟರ್‌ಗೆ ನಿಲ್ಲಬೇಕು.