ಪದಚರ್ಚೆ: ಮಲೇರಿಯಾ ‘ನಿರ್ಮೂಲನೆ’ ಅಂದರೆ ಯಾವುದು? ಎರಡು ಅರ್ಥಕ್ಕೆ ಒಂದೇ ಪದ ಸಾಕಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಎರಡು ವಾರವಾಯಿತು, ಮುಂದೆ ಹೋಗಲು ಆಗುತ್ತಿಲ್ಲ. ನಿಮ್ಮ ನೆರವು ಬೇಕು.

ನಾನು ಕೇರಳದ ಗಡಿಯ ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಮಲಯಾಳದ ನೋಟೀಸುಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ನಮ್ಮ ಕಡೆ ಮಲಯಾಳ ಓದಲು ಬಾರದ ಹಿರಿಯರು ಈಗಲೂ ಇದ್ದಾರೆ. ಆ ನೋಟೀಸು ಕನ್ನಡದಲ್ಲಿ ಬಾರದಿದ್ದರೆ ಅವರ ಪಾಲಿಗೆ ಅದು ಬಂದೇ ಇಲ್ಲ. ಈ ಸಲ ಕೈಗೆ ಬಂದದ್ದು ಮಳೆಗಾಲಕ್ಕೆ ಮೊದಲು ಮನೆಮನೆಗೆ ಹಂಚುವ ಮಲೇರಿಯಾ ನೋಟೀಸು. ಜೊತೆಗೆ ಆಶಾ ಕಾರ್ಯಕರ್ತೆಯರು ತುಂಬುವ ಒಂದು ಫಾರಂ. ಎರಡೂ ಸೇರಿ ಮೂರು ಪುಟ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ.

ಮಲಯಾಳದ ತಲೆಬರಹ ‘ಮಲಂಪನಿ ನಿವಾರಣಂ’. ಹಳೆಯ ಕನ್ನಡ ನೋಟೀಸು ತೆಗೆದು ನೋಡಿದರೆ ಅದರಲ್ಲಿ ‘ಮಲೇರಿಯಾ ನಿರ್ಮೂಲನೆ’ ಅಂತಿತ್ತು. ನಾನೂ ಹಾಗೇ ಬರೆದೆ. ಐದು ಸಾಲು ಕೆಳಗೆ ಸಿಡುಬಿನ ಮಾತು ಬಂತು. ಸಿಡುಬನ್ನು ಜಗತ್ತಿನಿಂದಲೇ ‘ನಿರ್ಮಾರ್ಜನಂ’ ಮಾಡಿದ್ದೇವೆ ಎಂದು ಅಲ್ಲಿತ್ತು. ಅದಕ್ಕೂ ನನ್ನ ಪೆನ್ನಿಗೆ ಬಂದದ್ದು ‘ನಿರ್ಮೂಲನೆ’ಯೇ. ಆಗ ನಿಲ್ಲಿಸಿದೆ. ಮಲಯಾಳದವರು ಎರಡು ಬೇರೆ ಪದ ಇಟ್ಟ ಕಡೆ ನಾನು ಒಂದೇ ಪದ ಹಾಕಿದ್ದೆ.

ಇಂಗ್ಲಿಷಿನಲ್ಲಿ ಇಲ್ಲಿ ಮೂರು ಮಾತು ಇವೆ. ಒಂದು ಕಂಟ್ರೋಲ್, ಅಂದರೆ ರೋಗ ಇದೆ, ಆದರೆ ಕೈಮೀರಿ ಹೋಗದಂತೆ ಹಿಡಿದಿಟ್ಟಿದ್ದೇವೆ. ಇನ್ನೊಂದು ಎಲಿಮಿನೇಶನ್. ಒಂದು ಜಿಲ್ಲೆಯಲ್ಲೋ ದೇಶದಲ್ಲೋ ಅಲ್ಲಿನ ಸೊಳ್ಳೆಯಿಂದ ಅಲ್ಲಿನ ಜನರಿಗೆ ಮಲೇರಿಯಾ ಹರಡುವುದು ಪೂರ್ತಿ ನಿಂತಿದೆ, ಆದರೆ ಜಗತ್ತಿನ ಬೇರೆ ಕಡೆ ರೋಗ ಇದ್ದೇ ಇದೆ. ಮೂರು ವರ್ಷ ಹೀಗೆ ಒಂದೇ ಒಂದು ಸ್ಥಳೀಯ ಕೇಸು ಇಲ್ಲದಿದ್ದರೆ ಆ ದೇಶ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾಮುಕ್ತ ಎಂಬ ಪ್ರಮಾಣಪತ್ರ ಕೇಳಬಹುದು. ಶ್ರೀಲಂಕಾಕ್ಕೆ 2016ರಲ್ಲಿ ಸಿಕ್ಕಿತು, ಚೀನಾಕ್ಕೆ 2021ರಲ್ಲಿ. ಕೊನೆಯದು ಇರಾಡಿಕೇಶನ್. ಭೂಮಿಯ ಮೇಲೆ ಎಲ್ಲೂ ಇಲ್ಲ, ಇನ್ನು ಬರುವುದೂ ಇಲ್ಲ. ಮನುಷ್ಯರ ರೋಗಗಳಲ್ಲಿ ಈ ಮಾತು ಸಿಡುಬಿಗೆ ಮಾತ್ರ ಸಲ್ಲುತ್ತದೆ, 1980ರಲ್ಲಿ ಘೋಷಣೆಯಾದದ್ದು.

ನಾವು ಕನ್ನಡದಲ್ಲಿ ಮೊದಲನೆಯದಕ್ಕೆ ‘ನಿಯಂತ್ರಣ’ ಅನ್ನುತ್ತೇವೆ, ಸರಿ. ಉಳಿದ ಎರಡಕ್ಕೂ ‘ನಿರ್ಮೂಲನೆ’. ಇದು ಸುಮ್ನೆ ಪದದ ಗೊಂದಲ ಅಂತ ಬಿಡಲು ನನಗೆ ಮನಸ್ಸಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮ ಹಳೆಯ ಮನೆಯ ಚಾವಡಿ ಬಾಗಿಲ ಹಿಂದೆ ಗೋಡೆಯ ಮೇಲೆ ಒಂದು ಚೌಕ ಇತ್ತು. ಕಾವಿ ಬಣ್ಣದ ಗೆರೆ. ಮೇಲ್ಗಡೆ ಇಂಗ್ಲಿಷಿನಲ್ಲಿ ‘ಎನ್‌ಎಂಇಪಿ’ ಎಂಬ ನಾಲ್ಕು ಅಕ್ಷರ. ಅದರ ಕೆಳಗೆ ತಾರೀಕುಗಳು, ಒಂದರ ಕೆಳಗೊಂದು. ‘ಮಲೇರಿಯಾದವರು’ ಬಂದಾಗ ಬರೆದು ಹೋಗುತ್ತಿದ್ದದ್ದು. ಗೋಡೆಗೆ ಸುಣ್ಣ ಬಳಿಯುವಾಗ ಅಜ್ಜ ಅದೊಂದು ಚೌಕ ಬಿಟ್ಟು ಬಳಿಸುತ್ತಿದ್ದರು. ಸರಕಾರದ ಬರಹ, ಅಳಿಸಬಾರದು ಅಂತ. ನಾನು ಚಿಕ್ಕವಳಿದ್ದಾಗ ಆ ತಾರೀಕುಗಳನ್ನು ಬೆರಳಿಟ್ಟು ಓದುತ್ತಿದ್ದೆ. ಮೊದಮೊದಲು ಹತ್ತಿರ ಹತ್ತಿರದ ತಾರೀಕು. ಆಮೇಲೆ ದೂರ ದೂರ. ಕೊನೆಯ ತಾರೀಕಿನ ಕೆಳಗೆ ಖಾಲಿ ಜಾಗ ತುಂಬಾ ಇತ್ತು.

ಆ ನಾಲ್ಕು ಅಕ್ಷರ ಅಂದರೆ ನ್ಯಾಷನಲ್ ಮಲೇರಿಯಾ ಇರಾಡಿಕೇಶನ್ ಪ್ರೋಗ್ರಾಂ. ‘ಇ’ ಅಂದರೆ ಇರಾಡಿಕೇಶನ್. 1953ರಲ್ಲಿ ನಮ್ಮ ದೇಶದ ಕಾರ್ಯಕ್ರಮ ಶುರುವಾದಾಗ ಅದರ ಹೆಸರಿನಲ್ಲಿ ಇದ್ದದ್ದು ‘ಕಂಟ್ರೋಲ್’. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿಗೆ ಮಲೇರಿಯಾ ಬರುತ್ತಿತ್ತು. ಡಿಡಿಟಿ ಹೊಡೆದ ಮೇಲೆ ಅದು ಎಷ್ಟು ಬೇಗ ಇಳಿಯಿತೆಂದರೆ, 1958ರಲ್ಲಿ ಹೆಸರನ್ನೇ ‘ಇರಾಡಿಕೇಶನ್’ ಅಂತ ಬದಲಿಸಿದರು. 1961ರಲ್ಲಿ ಸುಮಾರು 50 ಸಾವಿರ ಕೇಸು ಮಾತ್ರ. ಮುಗಿಯಿತು ಅನ್ನಿಸಿತು. ಗಮನ ಸಡಿಲವಾಯಿತು, ಔಷಧ ಸಾಲದೆ ಬಂತು, ಸೊಳ್ಳೆಗಳು ಡಿಡಿಟಿಗೆ ಜಗ್ಗದಾದವು. 1976ಕ್ಕೆ 64 ಲಕ್ಷ ಕೇಸು. 1999ರಲ್ಲಿ ಹೆಸರಿನಿಂದ ‘ಇರಾಡಿಕೇಶನ್’ ತೆಗೆದರು. ಶ್ರೀಲಂಕಾದ್ದೂ ಇದೇ ಕಥೆ. 1963ರಲ್ಲಿ ಇಡೀ ದ್ವೀಪದಲ್ಲಿ 17 ಕೇಸು, 1969ರಲ್ಲಿ 5 ಲಕ್ಷಕ್ಕೂ ಜಾಸ್ತಿ. ಅವರು ಮತ್ತೆ ಮೊದಲಿಂದ ಶುರುಮಾಡಿ 2016ಕ್ಕೆ ಮುಟ್ಟಿದರು.

ಈಗ ನಮ್ಮ ದೇಶದ ಗುರಿ ಎಲಿಮಿನೇಶನ್. 2016ರಲ್ಲಿ ಇಟ್ಟದ್ದು. 2027ಕ್ಕೆ ಸ್ಥಳೀಯ ಕೇಸು ಸೊನ್ನೆ ಆಗಬೇಕು, 2030ಕ್ಕೆ ದೇಶವೇ ಮಲೇರಿಯಾಮುಕ್ತ ಆಗಬೇಕು. ಇಂಗ್ಲಿಷ್ ಓದುವವರಿಗೆ 1958ರ ಪದ ಬೇರೆ, 2016ರ ಪದ ಬೇರೆ ಅಂತ ಕಾಣುತ್ತದೆ. ಕನ್ನಡದಲ್ಲಿ ಓದುವವರಿಗೆ ಎರಡೂ ‘ನಿರ್ಮೂಲನೆ’. ಪೂರ್ತಿ ಮುಗಿಸುತ್ತೇವೆ ಎಂದು ಹೊರಟು ಸೋತದ್ದಕ್ಕೂ ಅದೇ ಪದ, ಊರಿನಿಂದ ಹೊರಹಾಕಿ ಕಾವಲು ಕೂರುತ್ತೇವೆ ಅನ್ನುವುದಕ್ಕೂ ಅದೇ. ಕಾವಲು ಬೇಕೆಂಬ ಅರ್ಥವೇ ಪದದಲ್ಲಿ ಇಲ್ಲ. ಬೇರು ಸಮೇತ ಕಿತ್ತ ಮೇಲೆ ಕಾಯುವುದು ಏನನ್ನು?

ಪದಗಳ ಬೇರು ನೋಡಿದರೆ ದಾರಿ ಕಾಣುತ್ತದೆ. ‘ಇರಾಡಿಕೇಟ್’ ಲ್ಯಾಟಿನ್ನಿನ ಬೇರಿನಿಂದ ಬಂದದ್ದು, ಬುಡಸಮೇತ ಕೀಳುವುದು. ನಮ್ಮ ‘ನಿರ್ಮೂಲನೆ’ಯಲ್ಲೂ ಅದೇ ಮೂಲ, ಅದೇ ಬೇರು. ಹಾಗಾಗಿ ಈ ಪದವನ್ನು ಸಿಡುಬಿಗೇ ಮೀಸಲಿಡಬೇಕು ಎಂದು ನನ್ನ ಅಭಿಪ್ರಾಯ. ‘ಎಲಿಮಿನೇಟ್’ನಲ್ಲಿ ಇರುವುದು ಲ್ಯಾಟಿನ್ನಿನ ‘ಲೀಮೆನ್’, ಅಂದರೆ ಹೊಸ್ತಿಲು. ಹೊಸ್ತಿಲಿನಾಚೆ ಹಾಕುವುದು. ಹಾಕಿದ್ದು ಹೊರಗೆ ಇದೆ. ಬಾಗಿಲು ತೆರೆದಿಟ್ಟರೆ ಒಳಗೆ ಬರುತ್ತದೆ.

ಹೊಸ್ತಿಲಿನಾಚೆ ಹಾಕುವುದಕ್ಕೆ ನಮ್ಮಲ್ಲಿ ಏನಿದೆ? ‘ನಿವಾರಣೆ’ ನನಗೆ ಒಗ್ಗಲಿಲ್ಲ. ಕನ್ನಡದಲ್ಲಿ ಅದು ತಲೆನೋವಿನ ಮಾತ್ರೆಯ ಪದ, ಬಂದದ್ದನ್ನು ಶಮನ ಮಾಡುವುದು. ಒಡಿಶಾದವರ ದೊಡ್ಡ ಕಾರ್ಯಕ್ರಮ ಒಂದಿದೆ, ‘ದುರ್ಗಮ ಅಂಚಳರೆ ಮಲೇರಿಯಾ ನಿರಾಕರಣ’. ಒಡಿಯಾದಲ್ಲಿ ಅದು ಹೋಗಲಾಡಿಸುವುದು. ನಮಗೆ ನಿರಾಕರಣೆ ಅಂದರೆ ಬೇಡ ಅನ್ನುವುದು ಮಾತ್ರ, ಅಲ್ವಾ? ಛತ್ತೀಸ್‌ಗಢದಲ್ಲಿ ‘ಮಲೇರಿಯಾ ಮುಕ್ತ ಬಸ್ತರ್’ ಅಂದರು. ಚೆನ್ನಾಗಿದೆ, ಆದರೆ ಅದು ಮುಟ್ಟಬೇಕಾದ ಸ್ಥಿತಿಯ ಹೆಸರು. ಮಾಡಬೇಕಾದ ಕೆಲಸದ ಹೆಸರಲ್ಲ.

ನನಗೆ ಮೊದಲು ಹೊಳೆದದ್ದು ‘ಗಡಿಪಾರು’. ಅರ್ಥ ಚೊಕ್ಕವಾಗಿ ಕೂರುತ್ತದೆ. ಗಡಿನಾಡಿನವರಿಗೆ ಹತ್ತಿರದ ಪದ ಕೂಡ. ಬರೆದೂ ಬಿಟ್ಟಿದ್ದೆ. ಆಮೇಲೆ ಹೊಡೆದುಹಾಕಿದೆ. ಅದಕ್ಕೆ ಕಾರಣ ಆ ಫಾರಂ.

ಫಾರಂನಲ್ಲಿ ಒಂದು ಕಲಂ ಇದೆ, ರೋಗ ಸ್ಥಳೀಯವೋ ಹೊರಗಿನದೋ ಎಂದು ಗುರುತು ಹಾಕುವುದು. ಹಳೆಯ ಕನ್ನಡ ಫಾರಂನಲ್ಲಿ ಇದು ‘ದೇಶೀಯ ಪ್ರಕರಣ / ಆಮದು ಪ್ರಕರಣ’. ಕೆಲವು ವರ್ಷದ ಹಿಂದೆ ನಮ್ಮ ಊರಿನ ಹುಡುಗನೊಬ್ಬ ಮಂಗಳೂರು ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟಿಗೆ ಹೋಗುತ್ತಿದ್ದ. ಜೂನ್ 1ರಿಂದ ಜುಲೈ 31ರ ವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ದುಡಿಯಲು ಹೋದ ನಮ್ಮ ಹುಡುಗರೆಲ್ಲ ಮನೆಗೆ ಬರುವುದು ಆಗಲೇ. ಮಳೆ ಹಿಡಿಯುವುದೂ ಸೊಳ್ಳೆ ಹೆಚ್ಚುವುದೂ ಆಗಲೇ. ಬಂದ ವಾರದಲ್ಲಿ ಇವನಿಗೆ ನಡುಕ ಶುರುವಾಯಿತು. ಒಂದು ದಿನ ಜ್ವರ, ಮರುದಿನ ಏನೂ ಇಲ್ಲ, ಮೂರನೇ ದಿನ ಅದೇ ಹೊತ್ತಿಗೆ ಮತ್ತೆ ನಡುಕ. ರಕ್ತ ನೋಡಿದರು, ವೈವಾಕ್ಸ್ ಮಲೇರಿಯಾ. ಫಾರಂನಲ್ಲಿ ಅವನ ಹೆಸರಿನ ಮುಂದೆ ‘ಆಮದು’ ಎಂದು ಬಿತ್ತು. ಚೀಟಿ ನನ್ನ ಹತ್ತಿರ ಓದಿಸಲು ಅವನ ತಾಯಿ ತಂದರು. ಓದಿದೆ. ಅವರು ತುಳುವಿನಲ್ಲಿ ಕೇಳಿದ್ದು ಇಷ್ಟೇ: “ಟೀಚರೇ, ನನ್ನ ಮಗ ಇದೇ ಊರಿನವ ಅಲ್ವಾ? ಆಮದು ಯಾಕೆ ಬರೆದರು?”

ನನ್ನಲ್ಲಿ ಉತ್ತರ ಇರಲಿಲ್ಲ. ಹೊರಗಿನಿಂದ ಬಂದದ್ದು ಪರಾವಲಂಬಿ ಜೀವಿ, ಮಗ ಅಲ್ಲ ಎಂದು ಬಾಯಲ್ಲಿ ಹೇಳಿದೆ. ಕಾಗದದಲ್ಲಿ ಹಾಗಿರಲಿಲ್ಲ. ಇಂಥ ಮನೆಗೆ ‘ಮಲೇರಿಯಾ ಗಡಿಪಾರು’ ಎಂಬ ನೋಟೀಸು ಕೊಟ್ಟರೆ ಅವರು ಅದನ್ನು ಹೇಗೆ ಓದುತ್ತಾರೆ? ಜ್ವರ ಬಂದರೂ ಹೇಳದೆ ಕೂರುತ್ತಾರೆ. ಅದರಿಂದ ನಷ್ಟ ಎಲ್ಲರಿಗೂ. ಹೊರಗೆ ಸೋಂಕು ತಗಲಿದವರನ್ನು ಇಲ್ಲಿನ ಅನಾಫಿಲಿಸ್ ಸೊಳ್ಳೆ ಕಚ್ಚಿ, ಅದೇ ಸೊಳ್ಳೆ ಕೆಲವು ದಿನ ಬಿಟ್ಟು ಪಕ್ಕದ ಮನೆಯವರನ್ನು ಕಚ್ಚಿದರೆ ಊರಲ್ಲೇ ಹರಡುವುದು ಶುರುವಾಗುತ್ತದೆ. ಈ ಮೊದಲ ಕೊಂಡಿಗೆ ಇಂಗ್ಲಿಷಿನಲ್ಲಿ ‘ಇಂಟ್ರಡ್ಯೂಸ್ಡ್’ ಎಂಬ ಬೇರೆ ಹೆಸರೇ ಇದೆ. ಹಳೆಯ ಕನ್ನಡ ಫಾರಂನಲ್ಲಿ ಅದಕ್ಕೆ ಕಲಮೇ ಇಲ್ಲ.

ಹಾಗಾಗಿ ಹೆಸರು ಮನುಷ್ಯನಿಗೆ ಅಂಟಬಾರದು, ಸೊಳ್ಳೆ ಕಚ್ಚಿದ ಜಾಗಕ್ಕೆ ಅಂಟಬೇಕು. ನಾನು ಹೀಗೆ ಮಾಡಿದ್ದೇನೆ: ‘ಇಲ್ಲೇ ತಗಲಿದ್ದು’, ‘ಹೊರಗೆ ತಗಲಿದ್ದು’, ‘ಹೊರಗಿನಿಂದ ಬಂದದ್ದು ಇಲ್ಲಿ ದಾಟಿದ್ದು’. ಮೂರನೆಯದು ಉದ್ದವಾಯಿತು. ಒಂದೇ ಮಾತಿನಲ್ಲಿ ಹೇಳಲು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಎಲಿಮಿನೇಶನ್‌ಗೆ ಈಗ ನನ್ನ ಮನಸ್ಸು ನಿಂತಿರುವುದು ‘ತೊಲಗಿಸು’ ಎಂಬಲ್ಲಿ. 1942ರ ಚಳವಳಿಗೆ ಕನ್ನಡದಲ್ಲಿ ‘ಭಾರತ ಬಿಟ್ಟು ತೊಲಗಿ’ ಅಂದರಲ್ಲ, ಅದೇ ತೊಲಗು. ಇಲ್ಲಿಂದ ಹೋಗಬೇಕು ಎಂದಷ್ಟೇ ಅರ್ಥ, ಭೂಮಿಯಲ್ಲೇ ಇರಬಾರದು ಎಂದಲ್ಲ. ನಮ್ಮಲ್ಲಿ ತುಳುವಿನ ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಯ ಹೊತ್ತಿಗೆ, ಆಟಿ ಕಳಂಜ ಎಂಬ ವೇಷದವನು ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬಂದು, ಕುಣಿದು, ಅಕ್ಕಿ ತೆಂಗಿನಕಾಯಿ ತೆಗೆದುಕೊಂಡು ಊರಿನ ಮಾರಿ ಕಳೆಯುತ್ತಾನೆ. ಅವನು ಬರುವುದು ಪ್ರತಿ ವರ್ಷ. ಒಮ್ಮೆ ಕಳೆದದ್ದು ಮತ್ತೆ ಬರಬಹುದು ಅಂತ ಊರಿಗೆ ಗೊತ್ತು. ‘ಕಳೆ’ ಕೂಡ ಒಳ್ಳೆಯ ಪದವೇ. ಆದರೆ ‘ಮಲೇರಿಯಾ ಕಳೆಯೋಣ’ ಅಂದರೆ ಘಟ್ಟದ ಮೇಲಿನವರಿಗೆ ಕಾಲ ಕಳೆಯುವುದು ನೆನಪಾದೀತು. ‘ಮಲೇರಿಯಾ ತೊಲಗಿಸೋಣ’ ಎಲ್ಲ ಕಡೆಗೂ ಸಲ್ಲುತ್ತದೆ ಎಂದು ನನ್ನ ಅಂದಾಜು.

ಸಣ್ಣ ಸಣ್ಣ ಮಾತು ಇನ್ನೂ ಕೆಲವು ಇವೆ. ಕಾರ್ಯಕರ್ತೆ ಮನೆಗೆ ಹೋಗಿ ಜ್ವರ ಹುಡುಕಿದರೆ ‘ಸಕ್ರಿಯ ಕಣ್ಗಾವಲು’, ರೋಗಿ ಆಸ್ಪತ್ರೆಗೆ ಬಂದಾಗ ನೋಡಿದರೆ ‘ನಿಷ್ಕ್ರಿಯ ಕಣ್ಗಾವಲು’ ಎಂದು ಬರೆದಿದ್ದಾರೆ. ಇಡೀ ದಿನ ನಿಂತು ರಕ್ತ ತೆಗೆಯುವ ಲ್ಯಾಬಿನವರ ಕೆಲಸಕ್ಕೆ ‘ನಿಷ್ಕ್ರಿಯ’ ಅನ್ನಲು ನನಗೆ ಕೈ ಬರುವುದಿಲ್ಲ. ‘ಮನೆಗೆ ಹೋಗಿ ಪತ್ತೆ’, ‘ಬಂದವರಲ್ಲಿ ಪತ್ತೆ’ ಸಾಕು.

‘ಸೀಸನಲ್’ ಎಂಬುದಕ್ಕೆ ‘ಮಳೆಗಾಲದ’ ಅಂದರೆ ನಮ್ಮ ಊರಿಗೆ ಸರಿ, ದೇಶಕ್ಕೆ ಸರಿಯಲ್ಲ. ಒಡಿಶಾದ ಕಾಡುಬೆಟ್ಟಗಳಲ್ಲಿ ಮಳೆ ನಿಂತ ಮೇಲೂ ಜೋರಿರುತ್ತದೆ. ‘ಹಂಗಾಮಿ’ ಅಂದರೆ ತಾತ್ಕಾಲಿಕ ಅಂತಾಗುತ್ತದೆ. ‘ಹಂಗಾಮಿನ ಮಲೇರಿಯಾ’ ಅಂತ ಬರೆದಿದ್ದೇನೆ, ‘ನ’ ಮರೆಯದಂತೆ ಪ್ರೂಫ್ ನೋಡಬೇಕು.

ಇನ್ನು ‘ಸೊಳ್ಳೆ’. ನಮ್ಮ ಮನೆಗಳಲ್ಲಿ ಅದು ‘ನುಸಿ’, ತುಳುವಿನಲ್ಲಿ ‘ಉಮಿಲ್’. ಬೆಂಗಳೂರಿನವರಿಗೆ ನುಸಿ ಅಂದರೆ ಅಕ್ಕಿಗೆ ಹಿಡಿಯುವುದು, ಬಟ್ಟೆ ಪೆಟ್ಟಿಗೆಗೆ ಗುಳಿಗೆ ಹಾಕುವುದು. ನೋಟೀಸು ಹೋಗುವುದು ನಮ್ಮ ಮನೆಗಳಿಗೇ ಆದ್ದರಿಂದ ‘ನುಸಿ’ ಅಂತಲೇ ಇಟ್ಟಿದ್ದೇನೆ. ಅಡಿಕೆ ಹಾಳೆಯ ನೀರಿನ ಚಿತ್ರ ಮಾತ್ರ ತೆಗೆಸಿದೆ. ಅದರಲ್ಲಿ ಹುಟ್ಟುವುದು ಹಗಲು ಕಚ್ಚುವ ಡೆಂಗಿ ನುಸಿ. ಮಲೇರಿಯಾದ್ದು ಕಚ್ಚುವುದು ರಾತ್ರಿ. ಮಂಗಳೂರಿನಂಥ ಪೇಟೆಗಳಲ್ಲಿ ಅದು ಮೊಟ್ಟೆ ಇಡುವುದು ಜಾಸ್ತಿಯಾಗಿ ಟೆರೇಸಿನ ಮುಚ್ಚದ ಟ್ಯಾಂಕಿಯಲ್ಲಿ, ಬಾವಿಯಲ್ಲಿ, ಕಟ್ಟಡ ಕಟ್ಟುವಲ್ಲಿ ನಿಂತ ನೀರಿನಲ್ಲಿ.

ನೋಟೀಸು ಅಚ್ಚಿಗೆ ಹೋಗುವುದು ಮೇ ಕೊನೆಗೆ. ಅದಕ್ಕೆ ಮೊದಲು ಎರಡು ವಿಷಯ ತಿಳಿಯಬೇಕು. ‘ತೊಲಗಿಸು’ ನಿಮ್ಮ ಊರಿನಲ್ಲಿ ಬೈಗುಳವಾಗಿ ಕೇಳುತ್ತದೆಯೇ? ರಾಯಚೂರು, ಬಳ್ಳಾರಿ ಕಡೆಯವರು, ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದವರು ಮುಖ್ಯವಾಗಿ ಹೇಳಿ. ಮತ್ತೆ ನಿಮ್ಮಲ್ಲಿ ಮಾರಿಯನ್ನು ಊರ ಗಡಿ ದಾಟಿಸುವಾಗ ಹಿರಿಯರು ಯಾವ ಕ್ರಿಯಾಪದ ಬಳಸುತ್ತಾರೆ? ಕೇಳಿ, ಅವರು ಆಡಿದ ಹಾಗೇ ಬರೆದು ಕಳಿಸಿ.