ಮಂಡಿನೋವಿರೋ ಅಜ್ಜೀನ ಬೆಂಗಳೂರಲ್ಲಿ ಊಟಕ್ಕೆ ಎಲ್ಲಿಗೆ ಕರ್ಕೊಂಡ್ ಹೋಗ್ಲಿ? ಅನುಭವ ಇದ್ದೋರು ಹೇಳಿ

ಕೇಳಿದವರು, ತುಮಕೂರು:
ಮೊದಲನೇ ಸಂಬಳ ಬಂದಿದೆ. ಅಪ್ಪ, ಅಮ್ಮ, 78 ವರ್ಷದ ಅಜ್ಜಿ ಮೂರು ಜನಾನೂ ಮುಂದಿನ ವಾರ ಬೆಂಗಳೂರಿಗೆ ಕರ್ಕೊಂಡ್ ಹೋಗಿ ಒಳ್ಳೆ ಹೋಟೆಲಲ್ಲಿ ಕೂರಿಸಿ ತಿನ್ನಿಸ್ಬೇಕು ಅಂತ ಆಸೆ. ಅಜ್ಜಿಗೆ ಮಂಡಿನೋವು, ಅಪ್ಪ ರೇಟ್ ನೋಡಿದ್ರೆ "ನಂಗೇನೂ ಬ್ಯಾಡ, ಕಾಫಿ ಸಾಕು" ಅಂದ್ಬಿಡ್ತಾರೆ. ಎಲ್ಲಿಗೆ ಹೋಗ್ಲಿ?

ತುಮಕೂರಿಂದಲೇ ಒಬ್ಬರು:
ನಾನು ಮಾಡಿದ ತಪ್ಪು ಮೊದಲು ಹೇಳ್ತೀನಿ, ನೀವು ಮಾಡ್ಬೇಡಿ. ನಾನೂ ಹಿಂಗೇ ಆಸೆಪಟ್ಟು ಅಮ್ಮನ್ನ ಒಂದು ಮಾಲ್ ಒಳಗಿರೋ ನಾರ್ತ್ ಇಂಡಿಯನ್ ರೆಸ್ಟೋರೆಂಟ್‌ಗೆ ಕರ್ಕೊಂಡ್ ಹೋದೆ, ಫೋಟೋದಲ್ಲಿ ಚೆನ್ನಾಗಿ ಕಾಣ್ತಿತ್ತು ಅಂತ. ಮೆನು ಪೂರ್ತಿ ಇಂಗ್ಲಿಷು, ಪನ್ನೀರ್ ಗ್ರೇವಿ ಸಿಹಿ ಸಿಹಿ, ಅಮ್ಮ ಅರ್ಧ ನಾನ್ ತಿಂದು ಸಾಕು ಅಂದ್ರು, ಎಸಿ ಚಳಿಗೆ ಸೆರಗು ಹೊದ್ಕೊಂಡು ಕೂತಿದ್ರು ಪಾಪ. ವಾಪಸ್ ಬಸ್ಸಲ್ಲಿ ದಾಬಸ್‌ಪೇಟೆ ದಾಟಿದ ಮೇಲೆ ಮೆಲ್ಲಗೆ "ಬೆಳಗ್ಗೆದು ಸಾರಿದೆ, ಹೋದ್ಮೇಲೆ ಒಂಚೂರು ಅನ್ನಕ್ಕಿಡ್ತೀನಿ" ಅಂದ್ರು. ಆ ಮಾತು ಇವತ್ತಿಗೂ ಕೊರೀತದೆ ನನ್ನ. ಅವರ ಬಾಯಿಗೆ ಏನ್ ಸೇರುತ್ತೆ ಅಂತ ನಾನು ಕೇಳ್ಲೇ ಇಲ್ವಲ್ಲ.

ಅವತ್ತು ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಬೇರೆ ಸೇರಿಸಿದ್ರು, ಗೊತ್ತಿಲ್ದೆ ಕಟ್ಟಿ ಬಂದೆ. ಜಿಎಸ್‌ಟಿ ಬೇರೆ, ಸಾಮಾನ್ಯ ಹೋಟೆಲಲ್ಲಿ 5 ಪರ್ಸೆಂಟ್, ಅದು ಸರಿ. ಆದ್ರೆ ಸರ್ವಿಸ್ ಚಾರ್ಜ್‌ನ ತಾವಾಗೇ ಬಿಲ್ಲಿಗೆ ಹಾಕೋ ಹಂಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು. ತೆಗೀರಿ ಅಂತ ಮರ್ಯಾದೆಯಾಗೇ ಹೇಳಿ, ಒಪ್ಪಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಎರಡನೇ ಸಲ ಅಮ್ಮನ್ನೇ ಕೇಳ್ಕೊಂಡು ಲಾಲ್‌ಬಾಗ್ ರೋಡಿನ ಎಂಟಿಆರ್‌ಗೆ ಹೋದ್ವಿ, 1924ರ ಹೋಟೆಲು. ರವೆ ಇಡ್ಲಿ, ತುಪ್ಪ, ಆಲೂಗಡ್ಡೆ ಸಾಗು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೇ ಇದ್ದಾಗ ಇಲ್ಲೇ ರವೇಲಿ ಇಡ್ಲಿ ಮಾಡೋಕೆ ಶುರು ಮಾಡಿದ್ದಂತೆ ಅಂದೆ, ಅಮ್ಮ ಇಡ್ಲಿ ಮುರಿದು ಒಳಗೆಲ್ಲ ನೋಡಿ, ಮೊಸರು ಎಷ್ಟು ಹಾಕಿರ್ಬೋದು ಅಂತ ಲೆಕ್ಕ ಹಾಕ್ತಾ ಹಾಕ್ತಾ ಪೂರ್ತಿ ತಿಂದು ಇನ್ನೊಂದು ಹೇಳು ಅಂದ್ರು! ಭಾನುವಾರ ಕಾಯ್ಬೇಕಾಗುತ್ತೆ, ಸೋಮವಾರ ರಜಾ. ಹೆಸರು ಬರೆಸುವಾಗಲೇ ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ ಅಂತ ಹೇಳ್ಬಿಡಿ.

ಚಿಂತಾಮಣಿಯಿಂದ:
ದರ್ಶಿನಿ ಕಡೆ ಮಾತ್ರ ಹೋಗ್ಬೇಡಿ, ನಿಂತ್ಕೊಂಡು ತಿನ್ನೋದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಚಟ್ನಿ ಅಂದ್ರೆ ನಂಗೆ ಪ್ರಾಣ, ಆದ್ರೂ ಮಂಡಿನೋವಿಗೆ ಅದಲ್ಲ. ಅಪ್ಪನ ವಿಷಯ: ನಮ್ಮಪ್ಪಾಜೀನೂ ಹಂಗೇ. ಮೆನು ಕಾರ್ಡು ಅವರ ಕೈಗೆ ಸಿಗೋ ಮೊದಲೇ ನಾಲ್ಕು ಮಸಾಲೆ ದೋಸೆ ಹೇಳ್ಬಿಟ್ಟೆ, ಕೈ ತೊಳೆಯೋ ನೆಪದಲ್ಲಿ ಎದ್ದು ಹೋಗಿ ದುಡ್ಡೂ ಕಟ್ಬಂದೆ. ಮುಂದೆ ಬಂದದ್ದನ್ನ ಬಿಡೋರಲ್ಲ ಅವರು.

ಕ್ಯಾತ್ಸಂದ್ರದಿಂದ:
ಬಸ್ಸಲ್ಲಿ ಮೆಜೆಸ್ಟಿಕ್ ತನಕ ಹೋಗಿ ಅಜ್ಜೀನ ಸುಸ್ತು ಮಾಡ್ಬೇಡಿ. ಮಾದಾವರದಲ್ಲಿ ಹಸಿರು ಲೈನ್ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜ್ ಸ್ಟೇಷನಲ್ಲಿ ಇಳೀರಿ, ಟ್ರೈನ್ ಬದಲಾಯಿಸೋದೂ ಬೇಡ, ಲಿಫ್ಟ್ ಇದೆ. ಅಲ್ಲಿಂದ ಆಟೋಲಿ ಗಾಂಧಿ ಬಜಾರು, ವಿದ್ಯಾರ್ಥಿ ಭವನ ಹೋಟೆಲು, 1943ರಿಂದ ಇದೆ. ಶುಕ್ರವಾರ ರಜಾ. ದೋಸೆಗೆ ಸಾಂಬಾರ್ ಕೊಡಲ್ಲ, ಚಟ್ನಿ ಮಾತ್ರ, ಅಜ್ಜಿಗೆ ಮೊದಲೇ ಹೇಳಿಟ್ಟಿರಿ. ಸಪ್ಲೈಯರ್ ಒಂದೇ ಕೈ ಮೇಲೆ ಅಷ್ಟೆತ್ತರ ದೋಸೆ ತಟ್ಟೆ ಜೋಡಿಸ್ಕೊಂಡು ಬರೋದನ್ನ ನಮ್ಮತ್ತೆ ತಿನ್ನೋದು ಬಿಟ್ಟು ನೋಡ್ತಾ ಕೂತಿದ್ರು. ವಾರದ ದಿನ ಮಧ್ಯಾಹ್ನದ ಮೇಲೆ ಹೋದ್ರೆ ರಶ್ ಕಮ್ಮಿ, ಒಂದಿನ ರಜೆ ಹಾಕೋಕಾದ್ರೆ ಹಾಕಿ. ಪಕ್ಕದಲ್ಲೇ ಹೂವಿನ ಅಂಗಡಿಗಳು, ಅಜ್ಜಿಗೆ ಒಂದು ಮೊಳ ಕೊಡಿಸಿ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ನೀವು ಹೇಳಿದ್ಮೇಲೆ ಅಜ್ಜೀನೇ ಕೇಳಿದೆ. ದೋಸೆ ಆಗಲಿ ಇಡ್ಲಿ ಆಗಲಿ ಅಂದ್ರು, ಆಮೇಲೆ ಹತ್ರ ಕರೆದು, ಅಲ್ಲಿ ಕುರ್ಚಿ ಥರ ಕೂರೋ ಬಾತ್‌ರೂಮ್ ಇರುತ್ತಾ ಅಂತ ಕೇಳಿದ್ರು. ಇದೇ ಭಯಕ್ಕೆ ಅವರು ಇಷ್ಟು ವರ್ಷ ಎಲ್ಲೂ ಬರ್ತಿರ್ಲಿಲ್ವಂತೆ, ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ. ನಾಳೆ ಎರಡೂ ಹೋಟೆಲಿಗೆ ಫೋನ್ ಮಾಡಿ ಅದನ್ನೇ ಮೊದಲು ಕೇಳ್ತೀನಿ.