ಪದ ಬೇಕು, ನಾಳೆಯೊಳಗೆ: ಸೆಲ್ಫ್ ಎಫಿಕಸಿ

ಮಡಿಕೇರಿಯಿಂದ:
ಎಲ್ಲರಿಗೂ ನಮಸ್ಕಾರ. ಡಿಸೈನ್ ಓದುವ ವಿದ್ಯಾರ್ಥಿಗಳಿಗೆ ಕೊಡುವ ಪ್ರಶ್ನಾವಳಿಯೊಂದು ನಾಳೆ ಬೆಳಗ್ಗೆ ಜೆರಾಕ್ಸ್‌ಗೆ ಹೋಗಬೇಕು. ತಲೆಬರಹದಲ್ಲಿ ಬರುವ 'ಸೆಲ್ಫ್ ಎಫಿಕಸಿ'ಗೆ ಕನ್ನಡ ಪದ ಸಿಗುತ್ತಿಲ್ಲ. ಮೊದಲು ಅನುವಾದ ಮಾಡಿದವರು 'ಸ್ವ-ಪರಿಣಾಮಕಾರಿತ್ವ' ಎಂದು ಬರೆದಿದ್ದರು. ಒಬ್ಬರಿಗೂ ಅರ್ಥವಾಗಲಿಲ್ಲ. 'ಆತ್ಮವಿಶ್ವಾಸ' ಬೇಡ, ಅದು ಒಟ್ಟಾರೆ ಧೈರ್ಯ. ಇಲ್ಲಿ ಕೇಳುವುದು ಈ ಒಂದು ಕೆಲಸ ನಿಮ್ಮಿಂದ ಆಗುತ್ತಾ ಅಂತ.

ನನ್ನ ಅಕ್ಕನ ಮಗಳನ್ನೇ ನೋಡಿ. ಕಾಫಿ ಕೊಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲವೊಂದನ್ನು ಮಾಡುತ್ತಿದ್ದಾಳೆ. ಪಟ್ಟಿ ಸೊಂಟಕ್ಕೆ ಕೊರೆಯುತ್ತೆ ಅಂತ ಬಿಚ್ಚಿ ಬಿಚ್ಚಿ ಮೂರು ಸಲ ಹೊಲಿದಳು. ಅದರಲ್ಲಿ ಅಳುಕೇ ಇಲ್ಲ. ಅದೇ ಚೀಲದ ಬಗ್ಗೆ ಮೇಷ್ಟ್ರ ಮುಂದೆ ಹೇಳು ಅಂದ್ರೆ ಬಾಯಿ ಒಣಗುತ್ತೆ.

ವಿರಾಜಪೇಟೆಯಿಂದ:
'ತನ್ನಳವು'. ಬೇರೆ ಹುಡುಕಬೇಡಿ. 'ನನ್ನಳವಿಗೆ ಮೀರಿದ್ದು' ಅನ್ನುತ್ತೇವಲ್ವಾ? ಅಳೆ, ಅಳತೆ, ಅಳವು ಎಲ್ಲದಕ್ಕೂ ಒಂದೇ ಬೇರು. 'ಅಳವಡಿಸು' ಕೂಡ ಅಲ್ಲಿಂದಲೇ ಬಂದದ್ದು. ತನ್ನ ಶಕ್ತಿಯನ್ನು ತಾನೇ ಅಳೆದುಕೊಳ್ಳುವುದು ತಾನೇ ಇದು? ಸ್ವಕ್ಷಮತೆ, ಸ್ವಸಾಮರ್ಥ್ಯ ಅಂತ ಸಂಸ್ಕೃತ ಪೋಣಿಸುವ ಚಾಳಿ ಇನ್ನಾದರೂ ನಿಲ್ಲಲಿ.

ಸೋಮವಾರಪೇಟೆಯಿಂದ:
ಬೇರು ಸರಿ, ಪದ ಸರಿಯಿಲ್ಲ. ಅಳವು ಅಂದರೆ ಇರುವ ಶಕ್ತಿ. ಸೆಲ್ಫ್ ಎಫಿಕಸಿ ಅಂತ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಹೇಳಿದ್ದು ಆ ಶಕ್ತಿ ತನಗಿದೆ ಅನ್ನುವ ನಂಬಿಕೆಯ ಬಗ್ಗೆ. ಅಳವಿದ್ದೂ ನಂಬಿಕೆ ಇಲ್ಲದವರು ಎಷ್ಟು ಜನ! ಆ ನಂಬಿಕೆ ಜಾಸ್ತಿ ಗಟ್ಟಿಯಾಗುವುದು ತಾನೇ ಮಾಡಿ ಗೆದ್ದಾಗ. ತನ್ನಂಥವರು ಮಾಡಿದ್ದನ್ನು ಕಂಡು, ಬೇರೆಯವರ ಮಾತು ಕೇಳಿಯೂ ಬರುತ್ತದೆ. ನಾಲ್ಕನೆಯದು ಮೈಮನಸ್ಸಿನ ಸ್ಥಿತಿ. ನಿಮ್ಮ ಹುಡುಗಿಯ ಬಾಯಿ ಒಣಗುವುದು ಇದಕ್ಕೇ ಸೇರಿದ್ದು.

ಪ್ರಶ್ನೆ ಹೇಗಿರಬೇಕೆಂದು ಬಂಡೂರಾ 2006ರಲ್ಲಿ ಬರೆದಿದ್ದಾರೆ. 'ಮಾಡುತ್ತೇನೆ' ಅಲ್ಲ, 'ಮಾಡಬಲ್ಲೆ' ಎಂದಿರಬೇಕು. ಎಷ್ಟು ನಂಬಿಕೆಯಿದೆ ಅನ್ನುವ ಉತ್ತರ 0ಯಿಂದ 100ರೊಳಗೆ. ನಾವು ಎಡವುವುದು ಇಲ್ಲೇ. 'ಮಾಡ್ತೀನಿ' ಅಂದರೆ ಮನಸ್ಸಿದೆ ಅಂತಲೋ ಶಕ್ತಿಯಿದೆ ಅಂತಲೋ ಗೊತ್ತಾಗಲ್ಲ. 'ನನ್ನ ಕೈಲಾಗುತ್ತೆ' ಅಂದರೆ ಗೊಂದಲವಿಲ್ಲ. ಆದ್ದರಿಂದ 'ಕೈಲಾಗುವ ನಂಬಿಕೆ'.

ಇನ್ನು ಸಂಸ್ಕೃತದ ಮಾತು. ಸರ್, ನೀವು ಬರೆದ 'ಶಕ್ತಿ' ಎಲ್ಲಿಯದು? ನಮ್ಮ ತೋಟಗಳಲ್ಲಿ ಲೆಕ್ಕ ಬರೆಯುವವರಿಗೆ ರೈಟರ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರಕ್ಕೆ ಪಲ್ಪರ್, ಕೆಲಸದವರ ಸಾಲುಮನೆಗೆ ಲೈನ್ ಮನೆ ಅಂತ ಎಷ್ಟು ಕಾಲದಿಂದ ಅನ್ನುತ್ತಿದ್ದೇವೆ. ಯಾರ ಕನ್ನಡ ಕೆಟ್ಟಿತು?

ವಿರಾಜಪೇಟೆಯಿಂದ:
ಶಕ್ತಿ ಬದಲು ಕಸುವು ಅಂತ ಓದಿಕೊಳ್ಳಿ. ರೈಟರ್ ಬಂದದ್ದು ಬ್ರಿಟಿಷ್ ದೊರೆಗಳ ಜೊತೆ, ನಾವು ಕರೆದು ತಂದದ್ದಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಡಿ. 20 ಅಂತ ಬರೆದ ಹುಡುಗಿಯನ್ನು ಏನನ್ನುತ್ತೀರಿ, ಕೈಲಾಗದವಳು ಅಂತಲಾ? ಅದು ಬೈಗುಳ.

ಮಡಿಕೇರಿಯಿಂದ:
ಈ ಮಾತು ನನಗೆ ತಾಗಿತು. ಪ್ರಶ್ನೆಗಳಲ್ಲೆಲ್ಲ 'ನನ್ನ ಕೈಲಾಗುತ್ತೆ' ಉಳಿಸಿಕೊಂಡಿದ್ದೇನೆ. ಹಾಳೆಯ ಮೇಲೆ 'ಮಾಡಬಲ್ಲೆನೆಂಬ ನಂಬಿಕೆ' ಎಂದು ಹಾಕಿದೆ. ಅಂಕ ಕಡಿಮೆ ಇದ್ದರೆ 'ನಂಬಿಕೆ ಕಡಿಮೆ' ಅಂತಷ್ಟೇ ಬರೆಯುತ್ತೇವೆ. ಜೆರಾಕ್ಸ್ ಅಂಗಡಿ ಒಂಬತ್ತಕ್ಕೆ ತೆಗೆಯುತ್ತೆ. ಇದಕ್ಕಿಂತ ಚಿಕ್ಕ ಪದ ಹೊಳೆದರೆ ಅಷ್ಟರೊಳಗೆ ತಿಳಿಸಿ.